ಥಾಣೆಯ ಮಕ್ಕಳೂ ಕೋಟೆಯ ಮ್ಯೂಸಿಯಮ್ಮೂ



ಡಿಸೆಂಬರ್ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಮನೆಗಳಿಗೆ ಶಾಲೆಯಿಂದ ಒಂದು ಚೀಟಿ ಬರುತ್ತದೆ. ಸಹಲ್‌ಗೆ ಎಂದರೆ ಶಾಲಾ ಪ್ರವಾಸಕ್ಕೆ ಇಷ್ಟು ರೂಪಾಯಿ, ಬೆಳಿಗ್ಗೆ ಇಷ್ಟು ಹೊತ್ತಿಗೆ ಗೇಟಿನ ಮುಂದೆ ಹಾಜರಿರಬೇಕು, ಡಬ್ಬಿ, ನೀರಿನ ಬಾಟಲಿ ಮರೆಯಬಾರದು, ಕೆಳಗೆ ತಂದೆಯ ಅಥವಾ ತಾಯಿಯ ಸಹಿ. ಹೋಗುವ ಜಾಗ ಒಂದು ವರ್ಷ ನೀರಾಟದ ಪಾರ್ಕು, ಮರುವರ್ಷ ರಾಣಿಬಾಗ್ ಮೃಗಾಲಯದ ಪೆಂಗ್ವಿನ್, ಅದರ ಮರುವರ್ಷ ಮ್ಯೂಸಿಯಂ. ಮೂರಕ್ಕೂ ಒಂದೇ ನಮೂನೆಯ ಚೀಟಿ, ಒಂದೇ ನಮೂನೆಯ ಬಸ್ಸು. ಮ್ಯೂಸಿಯಂ ಮುಟ್ಟುವಾಗ ಹೊತ್ತು ಹನ್ನೊಂದೂವರೆ. ನೂರೈವತ್ತು ಮಕ್ಕಳು ಇಬ್ಬಿಬ್ಬರಾಗಿ ಕೈಹಿಡಿದು ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುತ್ತಾರೆ. ನಡುವೆ ಅವರ ಕಿವಿಗೆ ಬಿದ್ದ ಪಾಠ ಮೂರೇ: ಮುಟ್ಟಬೇಡಿ, ಓಡಬೇಡಿ, ಸಾಲು ಬಿಡಬೇಡಿ.

ಇದರಲ್ಲಿ ಟೀಚರುಗಳನ್ನು ದೂರಿ ಫಲವಿಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹಳಿಯ ಮೇಲೆ ಸುಮಾರು 48 ಕಿಲೋಮೀಟರ್. ಕಲ್ಯಾಣದಿಂದ 54ರ ಹತ್ತಿರ. ಬೆಳಗಿನ ಲೋಕಲಿನಲ್ಲಿ ದೊಡ್ಡವರಿಗೇ ಕಾಲೂರಲು ಜಾಗ ಸಿಗದಿರುವಾಗ ಐದನೇ ಕ್ಲಾಸಿನ ನಲವತ್ತು ಮಕ್ಕಳನ್ನು ಹತ್ತಿಸಿ ಇಳಿಸುವ ಎದೆಗಾರಿಕೆ ಯಾರಿಗಿದೆ? ಬಸ್ಸೇ ಗತಿ. ಬಸ್ಸಿನ ಬಾಡಿಗೆ ಹಗುರಾಗಬೇಕಾದರೆ ಮಕ್ಕಳು ಹೆಚ್ಚಾಗಬೇಕು. ಮಕ್ಕಳು ಹೆಚ್ಚಾದಷ್ಟೂ ನೋಡುವುದು ಕಡಿಮೆಯಾಗುತ್ತದೆ. ಈ ಲೆಕ್ಕದಲ್ಲೇ ನಮ್ಮ ಉಪನಗರಗಳ ಮ್ಯೂಸಿಯಂ ಪ್ರವಾಸ ವರ್ಷವರ್ಷ ಸೋಲುತ್ತದೆ. ಮ್ಯೂಸಿಯಮ್ಮೂ ಶಾಲೆಯೂ ಪಾಲುದಾರರಾಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಪಾಲುದಾರಿಕೆ ಹಳಿಯ ಈ ತುದಿಯಿಂದ ಹೇಗೆ ಕಾಣುತ್ತದೆ ಎನ್ನುವುದು ಈ ಹೊತ್ತಿನ ನನ್ನ ಮಾತು.

ಮೊದಲು ಆ ತುದಿಯನ್ನು ನೋಡೋಣ. ಮುಂಬಯಿಯ ಕೋಟೆ (ಫೋರ್ಟ್) ಭಾಗದ ದೊಡ್ಡ ಮ್ಯೂಸಿಯಂ, ಹಿರಿಯರ ಬಾಯಲ್ಲಿ ಇನ್ನೂ 'ಪ್ರಿನ್ಸ್ ಆಫ್ ವೇಲ್ಸ್', ಈಗಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. 1905ರ ನವೆಂಬರಿನಲ್ಲಿ ಅಡಿಗಲ್ಲು ಬಿತ್ತು. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ರೂಪಿಸಿದ ಕಟ್ಟಡ 1914ಕ್ಕೆ ಎದ್ದು ನಿಂತರೂ ಮಹಾಯುದ್ಧದ ಕಾಲಕ್ಕೆ ಅದು ಸೈನಿಕರ ಆಸ್ಪತ್ರೆಯಾಯಿತು. ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿಯಲ್ಲಿ. ಬೈಕುಲ್ಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಇದಕ್ಕೂ ಐವತ್ತು ವರ್ಷ ಹಳೆಯದು, 1872ರದು. ರಾಣಿಬಾಗಿನ ಆವರಣದಲ್ಲೇ ಇದೆ. ಪೆಂಗ್ವಿನ್ ನೋಡಿ ದಣಿದ ಮಕ್ಕಳು ಅದರ ಮುಂದೆಯೇ ಹಾದು ಬಸ್ಸು ಹತ್ತುತ್ತಾರೆ. ಒಳಗೆ ಹಿಂದಿನ ಕಾಲದ ಜನರ, ಕಸುಬುಗಳ ಮಣ್ಣಿನ ಬೊಂಬೆಗಳು ಸಾಲಾಗಿ ನಿಂತಿವೆ. 20ನೆಯ ಶತಮಾನದ ಆರಂಭದಲ್ಲಿ ಜೆ.ಜೆ. ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಸೆಸಿಲ್ ಬರ್ನ್ಸ್ ಅವರೇ ಈ ಮ್ಯೂಸಿಯಮ್ಮಿನ ಕ್ಯುರೇಟರ್ ಕೂಡ ಆಗಿದ್ದರು. ಶಾಲೆ, ಮ್ಯೂಸಿಯಂ ಎರಡರ ಬೀಗದ ಕೈಯೂ ಒಬ್ಬರ ಜೇಬಿನಲ್ಲೇ ಇದ್ದ ಕಾಲ ಅದು. ಈಗ ಹಾಗಿಲ್ಲ. ಇತ್ತ ಒಬ್ಬ ಹೆಡ್‌ಮಾಸ್ತರು, ಅತ್ತ ಒಬ್ಬ ಶಿಕ್ಷಣಾಧಿಕಾರಿ, ನಡುವೆ ಒಂದು ಈ-ಮೇಲ್.

ದೂರವಿದ್ದವರ ಬಳಿಗೆ ಮ್ಯೂಸಿಯಮ್ಮೇ ಹೋಗಬೇಕೆಂಬ ಯೋಚನೆ ಹೊಸದೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಮ್ಯೂಸಿಯಂ 1884ರಷ್ಟು ಹಿಂದೆಯೇ ವಸ್ತುಗಳನ್ನು ಪೆಟ್ಟಿಗೆಯಲ್ಲಿಟ್ಟು ಶಾಲೆಗಳಿಗೆ ಸರದಿಯ ಮೇಲೆ ಕಳಿಸಿತು. ಅಮೆರಿಕದ ಸೇಂಟ್ ಲೂಯಿಯಲ್ಲಿ 1904ರ ವಿಶ್ವಮೇಳ ಮುಗಿದಾಗ ಉಳಿದ ಸಾಮಾನುಗಳನ್ನು ಕೂಡಿಹಾಕಿ ಮರುವರ್ಷವೇ ಶಾಲೆಗಳಿಗೆಂದು ಒಂದು ಮ್ಯೂಸಿಯಂ ಮಾಡಿದರು. ಟೀಚರು ಬರೆದು ಕಳಿಸಿದ ಪಟ್ಟಿಯಂತೆ ಪೆಟ್ಟಿಗೆಗಳು ಕುದುರೆಗಾಡಿಯಲ್ಲಿ ಶಾಲೆಯ ಬಾಗಿಲಿಗೆ ಬರುತ್ತಿದ್ದವು. ನಮ್ಮ ದೇಶದಲ್ಲಿ ಕಲ್ಕತ್ತೆಯ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ 1965ರಲ್ಲಿ ವಿಜ್ಞಾನದ ಮಾದರಿಗಳನ್ನು ಬಸ್ಸಿಗೇರಿಸಿ ಹಳ್ಳಿಗಳಿಗೆ ಹೊರಡಿಸಿತು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಜನರಿಗೆ ತೆರೆದದ್ದೂ ಅದೇ 1965ರಲ್ಲಿ. ಅಲ್ಲಿಂದ ಹೊರಟ ವಿಜ್ಞಾನದ ಬಸ್ಸನ್ನು ತಮ್ಮ ಊರ ಶಾಲೆಯಂಗಳದಲ್ಲಿ ಕಂಡವರು ಈ ಮಾತನ್ನು ಕೇಳುತ್ತಿರುವವರಲ್ಲೂ ಇರಬಹುದು. ವರಳಿಯ ನೆಹರು ವಿಜ್ಞಾನ ಕೇಂದ್ರ 1985ರಲ್ಲಿ ಪೂರ್ತಿಯಾಗಿ ಶುರುವಾಯಿತು. ಅದಕ್ಕೂ ಮುಂಚೆ, 1979ರಲ್ಲೇ, ಅಲ್ಲಿ ಮಕ್ಕಳ ವಿಜ್ಞಾನ ಉದ್ಯಾನ ಇತ್ತು. ಶಾಲಾ ಮಕ್ಕಳ ವಿಜ್ಞಾನ ನಾಟಕ, ರಜೆಯ ಶಿಬಿರ, ಟೀಚರುಗಳ ತರಬೇತಿ ಎಲ್ಲ ಅಲ್ಲಿ ನಡೆಯುತ್ತವೆ.

ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವೂ 2015ರಲ್ಲಿ ತನ್ನ 'ಮ್ಯೂಸಿಯಂ ಆನ್ ವೀಲ್ಸ್' ಬಸ್ಸನ್ನು ರಸ್ತೆಗೆ ಬಿಟ್ಟಿತು. ಬಸ್ಸಿನೊಳಗೇ ಗಾಜಿನ ಕಪಾಟು, ಮಕ್ಕಳು ಕೈಯಲ್ಲಿ ಹಿಡಿದು ನೋಡಬಹುದಾದ ಪ್ರತಿಕೃತಿಗಳು, ವಿವರಿಸಲು ಜನ. ಇಂಥ ಬಸ್ಸು ಶಾಲೆಯ ಮೈದಾನಕ್ಕೆ ಬಂದು ನಿಂತರೆ ಕ್ಲಾಸಿಗೆ ಕ್ಲಾಸೇ ಕಿಟಕಿಗೆ ಬಂದು ನೇತಾಡುತ್ತದೆ. ಒಳ್ಳೆಯದೇ. ಆದರೆ ನನ್ನದೊಂದು ತಕರಾರಿದೆ. ಬಸ್ಸು ಬರುವ ಮುಂಚೆ ಮಕ್ಕಳಿಗೆ ಏನೂ ಹೇಳದೆ, ಹೋದ ಮೇಲೆ ಏನೂ ಕೇಳದೆ ಬಿಟ್ಟರೆ ಅದೂ ಗೇಟಿನ ಮುಂದೆ ಬಂದು ನಿಂತ ಐಸ್‌ಕ್ರೀಮ್ ಗಾಡಿಯ ಹಾಗೆ. ಸವಿ ಇದೆ, ಸಂಜೆಗೆ ಮರೆತಿರುತ್ತದೆ. ಬಸ್ಸು ಕಳಿಸುವುದು ಮ್ಯೂಸಿಯಮ್ಮಿನ ಪಾಲು. ಬಸ್ಸಿನ ಹಿಂದಿನ ವಾರವೂ ಮುಂದಿನ ವಾರವೂ ಶಾಲೆಯ ಪಾಲು. ಆ ಎರಡು ವಾರ ಖಾಲಿ ಹೋದರೆ ನಡುವಿನ ಆ ಒಂದು ದಿನಕ್ಕೆ ಬೆಲೆಯಿಲ್ಲ.

ಹಿಂದಿನ ವಾರ ಏನು ಮಾಡಬೇಕು? ನನ್ನನ್ನು ಕೇಳಿದರೆ, ಮೊದಲು ಹತ್ತಿರದ್ದನ್ನು ನೋಡಬೇಕು.

ಕಲ್ಯಾಣದಿಂದ ಮೂರನೆಯ ಸ್ಟೇಶನ್ನೇ ಅಂಬರನಾಥ. ಮಧ್ಯಾಹ್ನದ ಹೊತ್ತು ಆ ದಿಕ್ಕಿನ ಲೋಕಲಿನಲ್ಲಿ ಮಕ್ಕಳಿಗೆ ಕೂರಲು ಸೀಟೂ ಸಿಗುತ್ತದೆ. ವಾಲಧುನಿ ನದಿಯ ದಡದಲ್ಲಿರುವ ಶಿವಾಲಯದ ಶಾಸನ ಶಕ 982ರದು, ಎಂದರೆ ಕ್ರಿ.ಶ. 1060. ಶಿಲಾಹಾರ ದೊರೆ ಛಿತ್ತರಾಜ ಶುರುಮಾಡಿಸಿದ, ತಮ್ಮ ಮುಮ್ಮುಣಿಯ ಕಾಲಕ್ಕೆ ಮುಗಿಯಿತು ಎನ್ನುತ್ತಾರೆ. ಗರ್ಭಗುಡಿಗೆ ಮೆಟ್ಟಿಲು ಹತ್ತಿ ಹೋಗುವ ದೇವಸ್ಥಾನ ನೋಡಿದ ಮಕ್ಕಳು ಇಲ್ಲಿ ಮೆಟ್ಟಿಲು ಇಳಿದು ಹೋಗುತ್ತಾರೆ. ಯಾಕೆ ಇಳಿಯಬೇಕು ಎಂದು ಒಂದು ಮಗು ಕೇಳಿದರೆ ಆ ದಿನದ ಪಾಠ ಶುರುವಾದಂತೆ. 1868ರ ಸುಮಾರಿಗೆ ಮುಂಬಯಿ ಸರ್ಕಾರ ಇದೇ ಗುಡಿಗೆ ಜೆ.ಜೆ. ಕಲಾಶಾಲೆಯ ತಂಡವೊಂದನ್ನು ಕಳಿಸಿತ್ತು. ಅವರು ಇಲ್ಲಿ ಬಿಡಾರ ಹೂಡಿ ಗೋಡೆಯ ಶಿಲ್ಪಗಳ ಚಿತ್ರ ಬರೆದರು, ಅಚ್ಚು ತೆಗೆದರು. ಮೊಬೈಲಿನಲ್ಲಿ ಸಾವಿರ ಫೋಟೋ ಹೊಡೆಯುವ ಈಗಿನ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು, ಒಂದೇ ಒಂದು ಕಂಬವನ್ನೋ ಒಂದು ಆನೆಯನ್ನೋ ಅರ್ಧ ಗಂಟೆ ಕೂತು ಬರೆಯಲು ಹೇಳಬೇಕು. ಬರೆಯುವಾಗ ಕಂಡದ್ದು ಫೋಟೋದಲ್ಲಿ ಕಾಣುವುದಿಲ್ಲ. ಡ್ರಾಯಿಂಗ್ ಮಾಸ್ತರುಗಳು ಇದನ್ನು ಒಪ್ಪುತ್ತಾರೆ, ಹಿಸ್ಟರಿ ಟೀಚರುಗಳೂ ಒಪ್ಪಬೇಕು.

ಎರಡನೆಯದು ಕನ್ಹೇರಿ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಎಂದರೆ ಬೊರಿವಲಿ ಎಂದುಕೊಳ್ಳುತ್ತೇವೆ. ಅದರ ಪೂರ್ವದ ಇಳಿಜಾರು ಥಾಣೆಯ ಯೇವೂರಿನದು. ಆ ಕಾಡಿನ ನಡುವೆ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಗುಹೆಗಳಿಗೆ ದಾನ ಕೊಟ್ಟವರ ಶಾಸನಗಳಲ್ಲಿ 'ಕಲ್ಯಾಣದವನು' ಎಂದು ಹೇಳಿಕೊಂಡ ವ್ಯಾಪಾರಿಗಳಿದ್ದಾರೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಕಲ್ಯಾಣ ಹಡಗು ಬಂದು ನಿಲ್ಲುವ ಬಂದರಾಗಿತ್ತು. ಗ್ರೀಕ್ ನಾವಿಕನೊಬ್ಬ ಬರೆದಿಟ್ಟ 'ಪೆರಿಪ್ಲಸ್'ನಲ್ಲೂ ಅದರ ಹೆಸರಿದೆ. ಕಲ್ಯಾಣ ಸ್ಟೇಶನ್ನಿನ ನೂಕುನುಗ್ಗಲಿನಲ್ಲಿ ಬೆಳೆದ ಹುಡುಗ ತನ್ನ ಊರಿನ ಹೆಸರು ಬಂಡೆಯ ಮೇಲಿದೆ ಎಂದು ತಿಳಿದ ದಿನ ಇತಿಹಾಸದ ಪುಸ್ತಕವನ್ನು ಬೇರೆ ಕಣ್ಣಿನಿಂದ ತೆರೆಯುತ್ತಾನೆ.

ಕನ್ಹೇರಿಯಲ್ಲಿ ನಮಗೆ, ಕನ್ನಡದವರಿಗೆ, ಇನ್ನೂ ಒಂದು ಕೆಲಸವಿದೆ. ಅಲ್ಲಿ 9ನೆಯ ಶತಮಾನದ ಮೂರು ಶಾಸನಗಳು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರು ಹೇಳುತ್ತವೆ. ಹೌದು, 'ಕವಿರಾಜಮಾರ್ಗ'ದ ಜೊತೆಗೆ ನಾವು ನೆನೆಯುವ ನೃಪತುಂಗನೇ. ಕೊಂಕಣವನ್ನು ಅವನ ಸಾಮಂತರಾಗಿ ಶಿಲಾಹಾರರು ಆಳುತ್ತಿದ್ದರು. ಶಾಸನಗಳ ಭಾಷೆ ಸಂಸ್ಕೃತ. ಅವುಗಳಲ್ಲಿ ಹಳೆಯದು ಕ್ರಿ.ಶ. 843ರದು, ಶಿಲಾಹಾರ ಪುಲ್ಲಶಕ್ತಿಯ ಕಾಲದ್ದು. ಭಿಕ್ಷುಗಳಿಗೆ ಕೊಟ್ಟ ದಾನದಲ್ಲಿ ಗುಹೆಯ ದುರಸ್ತಿಗೆ, ಬಟ್ಟೆಗೆ ಎಂದು ಹಣ ಹಂಚಿದೆ. ಜೊತೆಗೆ ಪುಸ್ತಕಕ್ಕೆ ಎಂದೂ ಒಂದು ಬಾಬು ಇದೆ. ಶಾಲೆಯ ಲೈಬ್ರರಿಗೆ ದುಡ್ಡಿಲ್ಲ ಎನ್ನುವ ಆಡಳಿತ ಮಂಡಳಿಯವರನ್ನು ಒಮ್ಮೆ ಅಲ್ಲಿಗೆ ಕರೆದೊಯ್ದರೆ ಚೆನ್ನ.

ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಈಗಿನ ಮಳಖೇಡ, ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ನವಿಮುಂಬಯಿಯ ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕುಟುಂಬಗಳು ನಮ್ಮ ಸುತ್ತಮುತ್ತಲೇ ಇವೆ. ಅವರ ಮಕ್ಕಳು ಬಹುಪಾಲು ಮರಾಠಿ ಶಾಲೆಗಳಲ್ಲಿ ಕೂತಿದ್ದಾರೆ. ಮನೆಯಲ್ಲಿ ಆಡುವುದು ಕನ್ನಡ, ಕ್ಲಾಸಿನಲ್ಲಿ ಮೌನ. ಅಂಥ ಹುಡುಗಿಯೊಬ್ಬಳಿಗೆ ಕನ್ಹೇರಿಯ ಕಟ್ಟೆಯ ಮೇಲೆ ಟೀಚರು "ಈ ರಾಜ ನಿಮ್ಮ ಕಡೆಯವನೇ ಅಮ್ಮಾ, ಊರಿಗೆ ಹೋದಾಗ ಮಳಖೇಡದ ಕೋಟೆ ನೋಡಿಕೊಂಡು ಬಂದು ನಮಗೆ ಹೇಳು" ಅಂದರೆ ಸಾಕು. ಮುಂದಿನ ರಜೆಯಲ್ಲಿ ಆ ಕ್ಲಾಸಿಗೆ ಪಾಠ ಹೇಳುವವಳು ಅವಳೇ.

ಮೂರನೆಯ ಜಾಗಕ್ಕೆ ಇತಿಹಾಸದ ಗೊಡವೆಯಿಲ್ಲ. ಐರೋಲಿಯ ಖಾಡಿ ದಡದಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯ ಕಾಂದಳ (ಮ್ಯಾಂಗ್ರೋವ್) ವಿಭಾಗ 2017ರಲ್ಲಿ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ ತೆರೆಯಿತು. ಥಾಣೆ ಖಾಡಿಯ ಫ್ಲೆಮಿಂಗೋ ಅಭಯಾರಣ್ಯ 2015ರಲ್ಲಿ ಘೋಷಣೆಯಾದದ್ದು. 2022ರಲ್ಲಿ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಚಳಿಗಾಲ ಹತ್ತಿರವಾಗುತ್ತಿದ್ದಂತೆ ಹಕ್ಕಿಗಳು ಬರುತ್ತವೆ, ಮಳೆಗೆ ಮುಂಚೆ ಹೊರಡುತ್ತವೆ. ಕೇಂದ್ರದ ಒಳಗೆ ಕಾಂದಳವನದ, ಏಡಿ ಮೀನುಗಳ ವಿವರ ನೋಡಿ ದೋಣಿ ಹತ್ತಬೇಕು. ದೋಣಿ ಹೊರಡುವುದು ಉಬ್ಬರದ ಲೆಕ್ಕದಲ್ಲಿ. ಶಾಲೆಯ ಟೈಮ್‌ಟೇಬಲ್ ಸಮುದ್ರಕ್ಕೆ ಗೊತ್ತಿಲ್ಲ. ಉಬ್ಬರ ಇವತ್ತು ಇಷ್ಟು ಹೊತ್ತಿಗೆ, ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ, ಯಾಕೆ? ಭೂಗೋಳದ ಪುಸ್ತಕದಲ್ಲಿ ಬಾಯಿಪಾಠವಾಗಿದ್ದ ಚಂದ್ರ ಇಲ್ಲಿ ದೋಣಿಯ ಟಿಕೇಟಿನ ಮೇಲೆ ಕೂತಿರುತ್ತಾನೆ. ಇನ್ನೊಂದು ಪ್ರಶ್ನೆ ದೊಡ್ಡವರಿಗೂ ಮುಜುಗರ ತರುವಂಥದ್ದು. ಫ್ಲೆಮಿಂಗೋ ತಿನ್ನುವ ಪಾಚಿ ಈ ಖಾಡಿಯಲ್ಲಿ ಇಷ್ಟು ಹುಲುಸಾಗಿರುವುದಕ್ಕೆ ನಮ್ಮ ಊರುಗಳ ಕೊಳಚೆ ನೀರೂ ಒಂದು ಕಾರಣ ಎನ್ನುತ್ತಾರೆ. ಹಾಗಾದರೆ ಕೊಳಚೆ ಒಳ್ಳೆಯದೋ? ಎಂಟನೇ ಕ್ಲಾಸಿನವರನ್ನು ಈ ಪ್ರಶ್ನೆಯ ಜೊತೆ ಬಿಟ್ಟು ಟೀಚರು ಸುಮ್ಮನಿರಬೇಕು. ವಾಶಿಯ ಸೇತುವೆ ದಾಟಿದರೆ ಮಾನ್‌ಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವೂ ಇದೆ. ಮಕ್ಕಳು ವಿಜ್ಞಾನವನ್ನು ಹೇಗೆ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನೇ ಅಲ್ಲಿನವರು 1974ರಿಂದ ಅಭ್ಯಾಸ ಮಾಡುತ್ತಿದ್ದಾರೆ.

ಹತ್ತಿರದ ಇವನ್ನೆಲ್ಲ ನೋಡಿದ ಮಕ್ಕಳೇ ಕೋಟೆಯ ಮ್ಯೂಸಿಯಮ್ಮಿಗೆ ಹೋಗಲಿ. ಆಗ ಸಾಲಿನಲ್ಲಿ ನಡೆಸುವ ಅಗತ್ಯ ಬೀಳುವುದಿಲ್ಲ. ಅವರಿಗೆ ಹುಡುಕುವುದಕ್ಕೆ ಏನೋ ಇರುತ್ತದೆ. ಮೂವತ್ತು ಮಕ್ಕಳು, ಮೂರು ವಸ್ತು, ಅಷ್ಟು ಸಾಕು ಎಂಬುದು ನನ್ನ ಮತ. ಒಂದು, ಸೋಪಾರದ ಅಶೋಕನ ಶಾಸನದ ತುಣುಕು. ಭಗವಾನಲಾಲ್ ಇಂದ್ರಜಿ 1882ರಲ್ಲಿ ಪತ್ತೆಮಾಡಿದ್ದು. ನಾಲಾಸೋಪಾರ 2014ರಲ್ಲಿ ಪಾಲಘರ್ ಜಿಲ್ಲೆ ಆಗುವ ತನಕ ಥಾಣೆ ಜಿಲ್ಲೆಯದೇ. ಅದೇ ಅಶೋಕ ನಮ್ಮ ಮಸ್ಕಿಯಲ್ಲೂ ಬ್ರಹ್ಮಗಿರಿಯಲ್ಲೂ ಬರೆಸಿದ್ದಾನೆ. ನಕ್ಷೆಯ ಮೇಲೆ ಮೂರು ಚುಕ್ಕೆ ಇಟ್ಟು ಗೆರೆ ಎಳೆದರೆ ರಾಜ್ಯದ ಹರವು ಮಕ್ಕಳಿಗೆ ತಾನಾಗಿ ಕಾಣುತ್ತದೆ. ಎರಡು, ಐಹೊಳೆಯ ಗುಡಿಯೊಂದರ ಚಾವಣಿಯಿಂದ ಬಂದ ಬ್ರಹ್ಮನ ಶಿಲಾಫಲಕ. ತಲೆಯೆತ್ತಿ ನೋಡಲೆಂದು ಕೆತ್ತಿದ್ದನ್ನು ಇಲ್ಲಿ ಎದುರಿಗೆ ನಿಂತು ನೋಡುತ್ತೇವೆ.

ಮೂರನೆಯದಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಶ್ರವಣಬೆಳಗೊಳದಿಂದ ಬಂದ ಕಂಚಿನ ಬಾಹುಬಲಿ. ಎತ್ತರ ಒಂದು ಮೊಳಕ್ಕಿಂತ ತುಸು ಹೆಚ್ಚು, ಅಷ್ಟೇ. ಇಂದ್ರಗಿರಿಯ ಗೊಮ್ಮಟನನ್ನು ಚಾವುಂಡರಾಯ ಕೆತ್ತಿಸಿದ್ದು 981ರ ಸುಮಾರಿಗೆ. ಈ ಪುಟ್ಟ ವಿಗ್ರಹ ಅದಕ್ಕಿಂತ ಹಳೆಯದು ಎನ್ನುತ್ತಾರೆ ಬಲ್ಲವರು. ಬೆಟ್ಟದ ಗೊಮ್ಮಟನ ಒಂದು ಚಿತ್ರವನ್ನು ಮಕ್ಕಳ ಕೈಗೆ ಕೊಟ್ಟು, ಎರಡಕ್ಕೂ ಏನು ವ್ಯತ್ಯಾಸ ಹೇಳಿ ಅನ್ನಿ. ದೊಡ್ಡದು, ಚಿಕ್ಕದು ಎಂದು ಮೊದಲು ಕೂಗುತ್ತಾರೆ. ಕಲ್ಲು, ಕಂಚು ಎನ್ನುತ್ತಾರೆ. ಇನ್ನೂ ಸ್ವಲ್ಪ ಕಾದರೆ ಒಬ್ಬರಾದರೂ ಕೂದಲಿಗೆ ಬರುತ್ತಾರೆ: ಬೆಟ್ಟದವನದು ಗುಂಗುರು, ಇವನದು ಹಿಂದಕ್ಕೆ ಬಾಚಿ ಹೆಗಲಿಗಿಳಿದ ಕೂದಲು. ಕಾಲಿಗೆ ಹಬ್ಬಿದ ಬಳ್ಳಿ ಇಬ್ಬರಿಗೂ ಇದೆ. ಬಳ್ಳಿ ಬಿಡದೆ ಕೂದಲು ಮಾತ್ರ ಬದಲಾದದ್ದು ಯಾಕೆ? ಇಲ್ಲಿಗೆ ತಲುಪಲು ಇಪ್ಪತ್ತು ನಿಮಿಷ ಬೇಕು. ನೂರೈವತ್ತು ಮಕ್ಕಳ ಸಾಲಿಗೆ ಈ ಇಪ್ಪತ್ತು ನಿಮಿಷ ಯಾವ ಜನ್ಮದಲ್ಲೂ ಸಿಗುವುದಿಲ್ಲ.

ಸರ್ಕಾರದ ಮಾತೂ ಈಗ ಇದಕ್ಕೆ ಅನುಕೂಲವಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ನಡುವೆ 10 ದಿನ ಚೀಲವಿಲ್ಲದ ದಿನಗಳಿರಲಿ ಎಂದಿತು. 2024ರಲ್ಲಿ ಎನ್‌ಸಿಇಆರ್‌ಟಿ ಅದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿತು. ಈ ಹತ್ತನ್ನೂ ಪರೀಕ್ಷೆ ಮುಗಿದ ಮೇಲಿನ ಉಳಿಕೆ ದಿನಗಳಿಗೆ ತಳ್ಳುವ ಶಾಲೆಗಳೇ ಹೆಚ್ಚಾದಾವು ಎಂಬ ಭಯ ನನಗೆ. ಪಾಠದ ನಡುವೆ ಬಂದರೇ ಅವುಗಳಿಗೆ ಅರ್ಥ.

ಒಂದು ಹಳೆಯ ಸಂಗತಿ ಇಲ್ಲಿ ನೆನಪಾಗುತ್ತದೆ. ಮುಂಬಯಿಯ ಕನ್ನಡಿಗರಿಗೆ ಕ್ಲಾಸಿನ ಹೊರಗಿನ ವಿದ್ಯೆ ಹೊಸದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ರಾತ್ರಿಶಾಲೆ ತೆರೆಯಿತು. ಆಮೇಲೆ ಕನ್ನಡ ರಾತ್ರಿಶಾಲೆಗಳು ಒಂದರ ಹಿಂದೆ ಒಂದು ಹುಟ್ಟಿದವು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕೂತು ಎಸ್ಸೆಸ್ಸಿ ದಾಟಿದರು, ಬ್ಯಾಂಕು ಸೇರಿದರು, ವಕೀಲರಾದರು. ಕೋಟೆಯ ಹೋಟೆಲುಗಳಲ್ಲಿ ದುಡಿದವರಿಗೆ ದೊಡ್ಡ ಮ್ಯೂಸಿಯಂ ಕಾಲ್ನಡಿಗೆಯ ದೂರ. ಅವರಿಗೆ ಬಿಡುವಾಗುವ ಹೊತ್ತಿಗೆ ಅದು ಮುಚ್ಚಿರುತ್ತಿತ್ತು. ಅವರ ಮಕ್ಕಳು ಮುಲುಂಡ್, ಥಾಣೆ, ಡೊಂಬಿವಲಿಗೆ ಮನೆ ಮಾಡಿಕೊಂಡು ಬಂದರು; ಈಗ ಹಗಲಿದೆ, ಮ್ಯೂಸಿಯಂ ದೂರವಾಯಿತು.

ಆ ತಲೆಮಾರಿನ ಸಾಮಾನುಗಳು ಇನ್ನೂ ನಮ್ಮ ಮನೆಗಳ ಮಾಳಿಗೆಯ ಮೇಲಿವೆ. ಊರಿಂದ ಹೊತ್ತು ತಂದ ತಗಡಿನ ಟ್ರಂಕು, ಅಕ್ಕಿ ಅಳೆಯುವ ಸೇರು, ಶ್ಯಾವಿಗೆ ಒತ್ತುವ ಮಣೆ, ಹಿತ್ತಾಳೆಯ ಕಾಫಿ ಲೋಟ, ರಾತ್ರಿಶಾಲೆಯ ಮಾಸಿದ ಸರ್ಟಿಫಿಕೇಟು. ಮ್ಯೂಸಿಯಮ್ಮಿನಿಂದ ಮರಳಿದ ಮುಂದಿನ ವಾರ ಮಕ್ಕಳು ಮಾಡಬೇಕಾದ ಕೆಲಸ ಇದೇ: ಮನೆಯಿಂದ ಒಂದು ವಸ್ತು ತಂದು, ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ನಾಲ್ಕು ಸಾಲಿನ ವಿವರಚೀಟಿ ಬರೆದು, ಶಾಲೆಯ ಒಂದು ಕಪಾಟಿನಲ್ಲಿಡುವುದು. ಯಾರದು, ಯಾವಾಗಿನದು, ಯಾತಕ್ಕೆ ಬಳಸುತ್ತಿದ್ದರು, ಎಲ್ಲಿಂದ ಬಂತು. ಈ ನಾಲ್ಕು ಸಾಲು ಬರೆದ ಮಗು ದೊಡ್ಡ ಮ್ಯೂಸಿಯಮ್ಮಿನ ಚೀಟಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಕೂಡ ಹೇಳಬಲ್ಲದು. ಹೇಳಲಿ, ಮ್ಯೂಸಿಯಮ್ಮಿನವರು ಬೇಸರಪಡಲಾರರು.

ಇದಕ್ಕೆಲ್ಲ ಜನ ಎಲ್ಲಿ? ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ತಾನೇ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತಿದೆ. ಥಾಣೆ, ಕಲ್ಯಾಣ, ನವಿಮುಂಬಯಿಯಲ್ಲೂ ಕನ್ನಡ ಸಂಘಗಳಿವೆ; ಯಕ್ಷಗಾನಕ್ಕೆ, ರಾಜ್ಯೋತ್ಸವಕ್ಕೆ ಜನ ಸೇರಿಸುವುದು ಅವುಗಳಿಗೆ ಕರಗತ. ನಿವೃತ್ತ ಟೀಚರು, ನಿವೃತ್ತ ಬ್ಯಾಂಕ್ ನೌಕರರು ಸಂಘಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ಮುಂಬಯಿಯ ಮ್ಯೂಸಿಯಮ್ಮುಗಳಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ವಿವರಿಸುವವರು ಸಿಗುತ್ತಾರೆ. ಬಾಹುಬಲಿಯ ಮುಂದೆ ನಿಂತು ಕನ್ನಡದಲ್ಲಿ ಹೇಳುವವರನ್ನು ನಾವೇ ತಯಾರು ಮಾಡಬೇಕು. ಮಕ್ಕಳಿಗಿಂತ ಮೊದಲು ಟೀಚರೂ ಇಂಥ ಒಬ್ಬಿಬ್ಬರು ಹಿರಿಯರೂ ಹೋಗಿ, ಅರ್ಧ ದಿನ ನೋಡಿ, ಯಾವ ಮೂರು ವಸ್ತು ಎಂದು ಗೊತ್ತುಮಾಡಿಕೊಂಡು ಬರಬೇಕು.

ಆಮೇಲೆ ಮ್ಯೂಸಿಯಮ್ಮಿನ ಶಿಕ್ಷಣ ವಿಭಾಗಕ್ಕೆ ಪತ್ರ. ಜೂನಿನಲ್ಲಿ ಶಾಲೆ ತೆರೆದ ಕೂಡಲೇ ಬರೆಯಿರಿ, ಡಿಸೆಂಬರಿಗೆ ಎಲ್ಲ ಶಾಲೆಗಳೂ ಒಟ್ಟಿಗೆ ಮುಗಿಬೀಳುತ್ತವೆ. ಮಕ್ಕಳು ಮೂವತ್ತೇ ಎಂದು ಬರೆಯಿರಿ. ಅವರು ಈಗಾಗಲೇ ಅಂಬರನಾಥ ನೋಡಿದ್ದಾರೆ ಎಂದು ಬರೆಯಿರಿ. ಮೂರು ವಸ್ತುಗಳ ಹೆಸರು ಬರೆಯಿರಿ. ಕಂಚಿನ ಬಾಹುಬಲಿಯ ಮುಂದೆ ಇಪ್ಪತ್ತು ನಿಮಿಷ ನೆಲದ ಮೇಲೆ ಕೂರಲು ಅನುಮತಿ ಬೇಕು ಎಂದು ಬರೆಯಿರಿ. ಬಸ್ಸು ಕಳಿಸುವುದಾದರೆ ಶನಿವಾರ ಬೇಡ, ಶನಿವಾರ ಅರ್ಧ ದಿನ ಶಾಲೆ ಎಂದೂ ಸೇರಿಸಿ. ಐರೋಲಿಗೆ ಬರೆಯುವಾಗ ಮಾತ್ರ ದಿನ, ಹೊತ್ತು ನೀವು ಗೊತ್ತುಮಾಡಬೇಡಿ. ಉಬ್ಬರ ನೋಡಿ ಅವರೇ ಹೇಳುತ್ತಾರೆ.